ಒಂದೇ ಕಪ್ಪೆಯ ಕಾರು

ಭಾನುವಾರ, ಮಧ್ಯಾಹ್ನ

ಸ್ಟಿಯರಿಂಗ್ ಹಿಡಿದ ಮಹಾನುಭಾವರಿಗೆ,

ಕಾಲಿನ ಪ್ಲಾಸ್ಟರ್ ಬಿಚ್ಚಿದ ಮೇಲೆ ಕುಂಟುತ್ತಲಾದರೂ ಓಡಾಡುತ್ತಿದ್ದೇನೆ, ನನ್ನ ಚಿಂತೆ ಬೇಡ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಯಾಕೆ ಎಂದು ಹುಬ್ಬೇರಿಸಬೇಡಿ. ಎದುರು ಕೂತು ಹೇಳಿದರೆ ನೀವು ಏನಾದರೂ ತಮಾಷೆ ಮಾಡಿ ಮಾತು ತೇಲಿಸಿಬಿಡುತ್ತೀರಿ.

ಬೆಳಿಗ್ಗೆ ನಮ್ಮ ಕಾರು ಅಂಕಣದ ಹಳೆಯ ಓದುಗರು, ಆ ನಿವೃತ್ತ ಮೇಷ್ಟ್ರು, ಫೋನ್ ಮಾಡಿದ್ದರು. ಏನಮ್ಮಾ, ಬೂದು ಬಣ್ಣದ ಕಾರಲ್ಲಿ ಸೀಟು ಪೂರ್ತಿ ಹಿಂದಕ್ಕೆ ತಳ್ಳಿದ್ರೂ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತೆ ಅಂತ ಬರ್ದಿದ್ದೀರಲ್ಲ, ಯಾವಾಗಿಂದ ಇಷ್ಟು ಉದ್ದ ಆದ್ರಿ ಅಂತ ಕೇಳಿ ನಕ್ಕರು. ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದ ಕುಳ್ಳಿ ನಾನು ಎಂಬುದು ನಮ್ಮ ಅಂಕಣ ಓದುವವರಿಗೆಲ್ಲ ಗೊತ್ತು. ನಾನೂ ಜೊತೆಗೆ ನಕ್ಕೆ. ಆಮೇಲೆ ಅವರು ಇನ್ನೊಂದು ಕೇಳಿದರು: ಹಂಪ್ ಮೇಲೆ ಒಂದೇ ಕಪ್ಪೆ ಅಂತಾನೂ ಬರ್ದಿದ್ದೀರಿ, ಹಾಗಂದ್ರೆ ಏನಮ್ಮಾ?

ಫೋನಿಟ್ಟು ಪತ್ರಿಕೆ ಬಿಡಿಸಿದೆ. ಪುಟ್ಟ ಮೈಗೆ ದೊಡ್ಡ ಎಂಜಿನ್ ಕೂರಿಸಿದ ಹಾಟ್ ಹ್ಯಾಚ್‌ಗಳ ಹೋಲಿಕೆ. ಎಂದಿನಂತೆ ವೇಗ, ತಿರುವು, ಬ್ರೇಕು ನಿಮ್ಮ ಪಾಲು. ಸೀಟು, ಸದ್ದು, ಕಾರು ಸಾಕುವ ಖರ್ಚು ನನ್ನ ಪಾಲು. ಕೆಂಪು ಕಾರಿನಲ್ಲಿ ನಾನು ಕೂತಿದ್ದೆ: ಬಿಟ್ಟ ಬಾಣದ ಹಾಗೆ ಹೋಗುತ್ತದೆ, ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ವರದಿ ಒಪ್ಪಿಸುತ್ತದೆ. ನೀಲಿಯಲ್ಲೂ ಕೂತಿದ್ದೆ: ಮೆತ್ತಗಿದೆ, ಪೆಟ್ರೋಲು ಕಡಿಮೆ ಕುಡಿಯುತ್ತದೆ, ತಿರುವಿನಲ್ಲಿ ಮಾತ್ರ ಪಕ್ಕಕ್ಕೆ ವಾಲುತ್ತದೆ. ಬೂದು ಕಾರು ಬರುವ ಹೊತ್ತಿಗೆ ಮೆಟ್ಟಿಲಿಂದ ಜಾರಿ ಮಂಚ ಹಿಡಿದಿದ್ದೆ. ಅದನ್ನ ನೀನು ಎದ್ದ ಮೇಲೆ ನೋಡೋಣ, ಸದ್ಯ ಎರಡೇ ಸಾಕು ಎಂದವರು ನೀವು. ಈಗ ಅದಕ್ಕೇ ಮೊದಲ ಸ್ಥಾನ. ನಾನು ಬಾಗಿಲು ಕೂಡ ತೆಗೆದು ನೋಡದ ಕಾರಿನ ಬಗ್ಗೆ ನನ್ನ ಹೆಸರಿನಲ್ಲಿ ಅರ್ಧ ಪುಟ.

ಆ ಕಪ್ಪೆ ಯಾರದ್ದು ಅಂತ ಮೇಷ್ಟ್ರಿಗೆ ಗೊತ್ತಿಲ್ಲ, ನನಗೆ ಗೊತ್ತು. ಹಿಂದಿನ ಸೀಟಿನಲ್ಲಿ ನಿಂತು, ಹಂಪ್ ಬಂದಾಗೆಲ್ಲ ಹೊಟ್ಟೇಲಿ ಕಪ್ಪೆ ಹಾರ್ತು ಎಂದು ಕಿರುಚಿ, ಇದು ಮೂರು ಕಪ್ಪೆ ಕಾರು, ಇದು ಐದು ಕಪ್ಪೆ ಕಾರು ಎಂದು ತೀರ್ಪು ಕೊಡುತ್ತಿದ್ದವಳು ಒಬ್ಬಳೇ. ನೀವು ಪುಟ್ಟಿ ಪುಟ್ಟಿ ಎಂದು ಕರೆಯುತ್ತಿದ್ದ ಹಾಗೇ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದ ನಮ್ಮ ಮಗಳು. ಎರಡು ವರ್ಷದ ಹಿಂದೆ ಸಂಪಾದಕರ ಎದುರಿಗೇ, ಗೇರ್ ಹಾಕೋಕೆ ಬರಲ್ಲ, ಪಕ್ಕದಲ್ಲಿ ಕೂತು ಮಾರ್ಕ್ಸ್ ಕೊಡೋದೂ ಒಂದು ಕೆಲಸನಾ ಎಂದು ನನ್ನ ಮಾನ ಕಳೆದು, ಬ್ಯಾಗು ಎತ್ತಿಕೊಂಡು ಹೋದವಳು.

ನಿನ್ನ ಹತ್ರ ಕ್ಷಮೆ ಕೇಳೋವರೆಗೂ ಅವಳ ಮುಖ ನೋಡಲ್ಲ ಅಂತ ಅವತ್ತು ಮಾತು ಕೊಟ್ಟವರು ನೀವೇ. ನಾನು ಕೇಳಿರಲಿಲ್ಲ. ಅವಳ ಹುಟ್ಟುಹಬ್ಬದ ದಿನ ಫೋನ್ ಕೈಗೆತ್ತಿಕೊಂಡೆ. ನೀವು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದಿರಿ. ನನಗೋಸ್ಕರ ಇಷ್ಟು ಗಟ್ಟಿಯಾಗಿರುವವರ ಎದುರು ನಾನೇ ಸೋತುಬಿಟ್ಟರೆ ಹೇಗೆ ಎಂದು ಫೋನ್ ಕೆಳಗಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮರುವರ್ಷವೂ ಅದೇ ಆಯಿತು. ನನ್ನ ಜೊತೆ ಉಪವಾಸ ಕೂತವರು ಹೊರಗೆ ಹೊಟ್ಟೆ ತುಂಬ ಉಂಡು ಬರುತ್ತಿದ್ದಿರಿ ಅಂತ ನನಗೇನು ಗೊತ್ತು!

ಅವಳನ್ನು ಕಂಡಿರಿ, ಇರಲಿ, ಅಪ್ಪ ತಾನೇ. ನನ್ನ ಸೀಟಿನಲ್ಲಿ ಕೂರಿಸಿಕೊಂಡಿರಿ, ಅದನ್ನೂ ನುಂಗಿಕೊಂಡೇನು. ಆದರೆ ನನ್ನ ಎರಡು ವರ್ಷ ಸುಮ್ಮನೆ ಸುಟ್ಟುಹೋಗುವುದನ್ನು ನೋಡುತ್ತಾ ಚಹಾ ಕುಡಿದಿರಲ್ಲ, ಅದು ಗಂಟಲಲ್ಲಿ ಇಳಿಯುತ್ತಿಲ್ಲ. ನನಗೆ ನಿಮ್ಮ ಮೇಲೆ ತುಂಬಾ ಸಿಟ್ಟು ಬಂದಿದೆ.

ಸಂಪಾದಕರಿಗೆ ಹೇಳಿ, ಆ ಅರ್ಧ ಪುಟಕ್ಕೆ ಬರೆದವಳ ಹೆಸರೇ ಹಾಕಲಿ. ಇನ್ನು ಮುಂದೆ ಯಾವ ಕಾರಿಗೂ ನನ್ನನ್ನು ಕರೆಯಬೇಡಿ.

ಇತಿ,
ಇಷ್ಟು ದಿನ ನಿಮ್ಮ ಪಕ್ಕದ ಸೀಟಿನಲ್ಲಿದ್ದವಳು

ತಾ.ಕ.: ಈ ಕಾಗದ ಇಡಲು, ಕಂಪನಿಗೆ ಇನ್ನೂ ವಾಪಸ್ ಹೋಗದೆ ಗೇಟಿನೊಳಗೆ ನಿಂತಿರುವ ಬೂದು ಕಾರಿಗೆ ಹೋಗಿ ಕೂತಿದ್ದೆ. ಸೀಟು ಇನ್ನೂ ಪೂರ್ತಿ ಹಿಂದಕ್ಕೇ ಇದೆ. ಮುಂದಕ್ಕೆ ಎಳೆದುಕೊಳ್ಳಲು ಕೈ ಹಾಕಿದವಳು ಬಿಟ್ಟುಬಿಟ್ಟೆ, ಅದು ಹಾಗೇ ಇರಲಿ. ಖರ್ಚಿನಲ್ಲಿ ಅವಳು ಟೈರು ಮರೆತಿದ್ದಾಳೆ. ಇಷ್ಟು ತೆಳ್ಳಗಿನ ಟೈರು ಗುಂಡಿ ಬಿದ್ದ ರಸ್ತೆಯಲ್ಲಿ ಬಾಳುವುದಿಲ್ಲ. ಇದನ್ನು ನೀವು ಹೇಳಬೇಡಿ, ನಾನೇ ಹೇಳುತ್ತೇನೆ. ಅವಳ ನಂಬರಿಗೆ ಈಗ ತಾನೇ ಮಾಡಿದ್ದೆ, ಯಾರೋ ಬೇರೆಯವರು ಎತ್ತಿದರು. ಹೊಸದು ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಬರೆದಿಟ್ಟು ಹೋಗಿ.