ಮುರಿಯದ ಚಕ್ಕುಲಿ

ಕೊಟ್ಟೂರು
೭ ನವೆಂಬರ್ ೧೯೯೮, ಶನಿವಾರ

ಇದನ್ನು ಬರೆಯದೆಯೇ ಮಲಗುವವಳಿದ್ದೆ: ನಾನು ಮಾಡಿದ ಚಕ್ಕುಲಿಯನ್ನು ಇವತ್ತು ಯಾರಿಂದಲೂ ಮುರಿಯಲು ಆಗಲಿಲ್ಲ.

ಹಿಟ್ಟಿಗೆ ಬೆಣ್ಣೆ ಹಾಕುವಾಗ ಇವರ ಕೊಲೆಸ್ಟ್ರಾಲ್ ನೆನಪಾಗಿ ಅರ್ಧಕ್ಕೇ ಕೈ ತಡೆದಿದ್ದೆ. ಮಧ್ಯಾಹ್ನದ ಚಹಾಕ್ಕೆ ಪಕ್ಕದ ಮನೆಯ ವೀರಭದ್ರಯ್ಯನವರೂ ಬಂದರು. ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ ಹಿಡಿದು ಬಹಳ ಹೊತ್ತು ಕಾದರು.

"ಚಹಾ ಆರಿ ಹೋತು ನೋಡವ್ವ, ಇದು ಮಾತ್ರ ನೆನಿಯವಲ್ದು."

ಇವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಪೇಪರು ಅಲುಗಾಡುತ್ತಿತ್ತು. ಅತ್ತೆ ಮಾತ್ರ ನಗಲಿಲ್ಲ. ಒಂದನ್ನು ನೆಲಕ್ಕೆ ಕುಟ್ಟಿ, ತಿರುಗಿಸಿ ನೋಡಿದರು. ಚಕ್ಕುಲಿಗೆ ಏನೂ ಆಗಿರಲಿಲ್ಲ.

"ನಾ ಕಳಿಸಿದ್ವು ಸೊಲ್ಲಾಪುರ ಮುಟ್ಟೋದ್ರಾಗ ಪುಡಿ ಆಗಿರ್ತಾವು. ನನ್ನ ಮಗಳು ಪ್ರತಿ ಸಲ ಚಮಚದಾಗ ತಿಂತಾಳ. ಈ ಸಲ ನಿನ್ನವು ಪಾರ್ಸಲ್ ಮಾಡವ್ವ."

ಮದುವೆಯಾಗಿ ಬಂದಾಗಿನಿಂದ ಅತ್ತೆ ತಮ್ಮ ಮಗಳಿಗೆ ನನ್ನ ಕೈಯ ತಿಂಡಿ ಕಳಿಸಲು ಹೇಳಿದ್ದು ಇದೇ ಮೊದಲು. ಇದು ಹೊಗಳಿಕೆಯೇ ಎಂದು ಆಗಿನಿಂದ ಯೋಚಿಸುತ್ತಿದ್ದೇನೆ. ಅಲ್ಲದಿರಬಹುದು. ಆದರೂ ಇರುವುದರಲ್ಲೇ ಚೆನ್ನಾಗಿರುವ ಡಬ್ಬಿಯನ್ನು ತೊಳೆದಿಟ್ಟಿದ್ದೇನೆ. ನಾದಿನಿ ಅವನ್ನು ತಿನ್ನುವುದು ಹೇಗೆಂದು ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಂಚೆಗೆ ಹಾಕುವುದು ಸೋಮವಾರ, ಒಂಬತ್ತನೇ ತಾರೀಖು.