ಕಾರ್ಲಾ ನನ್ನ ತೋಳಿಗೆ ಬಂದ ಬೆಳಗ್ಗೆ

ಮಾರೆನ್,

ಇದನ್ನು ಯಾವ ವಿಳಾಸಕ್ಕೆ ಹಾಕಲಿ? ಓಲ್ಬೋರ್ಗ್ ಊರಿನ ನಿನ್ನ ಮನೆಯಿಂದ ನನ್ನ ಎರಡು ಪತ್ರಗಳು ಒಡೆಯದೆಯೇ ವಾಪಸು ಬಂದಿವೆ. ಆದರೂ ಇವತ್ತು ಬೆಳಗ್ಗೆ ಆದದ್ದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

"ಈ ಮನೇಲಿ ಆ ಹಾವಿರಬೇಕು, ಇಲ್ಲಾ ನಾನಿರಬೇಕು" ಎಂದು ಕೂಗಿದ್ದು ನಾನು. ಹೋದವಳು ನೀನು, ನಿನ್ನ ಹಾವು ಕಾರ್ಲಾ ಇಲ್ಲೇ ಉಳಿಯಿತು. ಅದನ್ನೇಕೆ ನನ್ನ ಬಳಿ ಬಿಟ್ಟೆ ಎಂಬುದು ಎಂಟು ತಿಂಗಳಾದರೂ ನನಗೆ ತಿಳಿದಿಲ್ಲ.

ಮೊದಲ ಸಲ ಅದರ ಗಾಜಿನ ಪೆಟ್ಟಿಗೆಗೆ ಮೇಲಿನಿಂದ ಕೈ ಹಾಕಿದಾಗ ಕಚ್ಚಿತು; ವಿಷದ ಹಾವಲ್ಲ, ಬದುಕಿಕೊಂಡೆ. ಸಾಕುಪ್ರಾಣಿಗಳ ಅಂಗಡಿಯ ಬಿರ್ಗಿಟ್ ನಕ್ಕಳು. "ಹಾವಿಗೆ ಮೇಲಿಂದ ಬರೋದು ಅಂದ್ರೆ ಹದ್ದು, ಟೋರ್ಬೆನ್. ಪಕ್ಕದಿಂದ ಕೈ ಇಡಿ, ಹಿಡೀಬೇಡಿ. ಅದಾಗೇ ಬರ್ಲಿ." ವಾಸನೆ ಪರಿಚಯವಾಗಲೆಂದು ನಾನು ತೊಟ್ಟು ಬಿಟ್ಟ ಅಂಗಿಯೊಂದನ್ನು ಪೆಟ್ಟಿಗೆಯೊಳಗೆ ಇಟ್ಟೆ. ಅದು ಇಲಿ ತಿಂದ ಮೇಲೆ ಎರಡು ದಿನ ನಾನು ಅದನ್ನು ಮುಟ್ಟುತ್ತಿರಲಿಲ್ಲ. ಉಳಿದ ದಿನ ಕೈ ಚಾಚಿ ಸುಮ್ಮನೆ ಕೂರುತ್ತಿದ್ದೆ. ಸುಮ್ಮನೆ ಕೂರುವುದು ನನಗೆ ಬರುತ್ತದೆಂದರೆ ನೀನು ನಂಬಲಿಕ್ಕಿಲ್ಲ.

ಇವತ್ತು ಕಾರ್ಲಾ ತಾನಾಗಿ ಬಂದಳು. ನಾಲಗೆ ಚಾಚಿ ಮಣಿಕಟ್ಟನ್ನು ಪರೀಕ್ಷಿಸಿ, ತೋಳಿಗೆ ಸುತ್ತಿಕೊಂಡು, ಅಂಗಿಯ ತೋಳೊಳಗೆ ತಲೆ ತೂರಿಸಿ ಮಲಗಿದಳು. ಒಂದು ಗಂಟೆ ನಾನು ಅಲುಗಲಿಲ್ಲ, ಕಾಫಿ ಆರಿಹೋಯಿತು.

ಅವಳನ್ನು ಪೆಟ್ಟಿಗೆಗೆ ಬಿಟ್ಟವನೇ ಅಂಗಡಿಗೆ ಹೋಗಿ ಕೇಳಿದೆ: "ಇದು ಪ್ರೀತೀನಾ?"

"ಹಾವಿಗೆ ಪ್ರೀತಿಗೀತಿ ಎಲ್ಲಿಂದ ಬರ್ಬೇಕು?" ಎಂದಳು ಬಿರ್ಗಿಟ್. "ನಿಮ್ಮನ್ನ ಕಂಡ್ರೆ ಹೆದರೋದು ಬಿಟ್ಟಿದೆ, ಅಷ್ಟೇ."

ನನಗೆ ಸಂತೋಷವಾಯಿತೋ ದುಃಖವಾಯಿತೋ ಗೊತ್ತಾಗಲಿಲ್ಲ. ನಾನು ಒಳಗೆ ಬಂದಾಗ ನೀನು ಎದ್ದುಹೋಗದೆ ಕೂತಿದ್ದ ಒಂದು ದಿನವನ್ನು ಮನೆಗೆ ಬರುವ ದಾರಿಯುದ್ದಕ್ಕೂ ನೆನಪಿನಲ್ಲಿ ಹುಡುಕಿದೆ. ಕೊನೆಗೆ ಒಂದು ಸಿಕ್ಕಿತು. ಆಗ ನಿನಗೆಷ್ಟು ವಯಸ್ಸು? ನಾಲ್ಕೋ, ಐದೋ?

ಅಪ್ಪ