ಸೊಣ್ಣಪ್ಪನ ಹೆಸರಿಗೆ ದಾಖಲೆ

ವಸ್ತುಪ್ರದರ್ಶನದ ವ್ಯವಸ್ಥಾಪಕರಿಗೆ,

‘೧೯೧೩: ಚಿನ್ನದ ನಗರದ ಒಂದು ವರ್ಷ’ ಎಂಬ ನಿಮ್ಮ ಪ್ರದರ್ಶನಕ್ಕೆ ನಮ್ಮ ಮನೆಯ ಫೋಟೊ ಕೊಟ್ಟಿದ್ದೆವು. ಮೊನ್ನೆ ನನ್ನ ಅಜ್ಜಿ ಮಂಗಮ್ಮನನ್ನು ಆಟೋದಲ್ಲಿ ಕರೆತಂದು ತೋರಿಸಿದೆ. ಅವಳಿಗೆ ತೊಂಬತ್ತು ವರ್ಷ, ಕಣ್ಣು ಮಂಜು. ಫೋಟೊದ ಕೆಳಗಿನ ಚೀಟಿಯನ್ನು ನಾನೇ ಓದಿದೆ: ಇಂಜಿನಿಯರ್ ಸಾಹೇಬರ ಹೆಸರು, ಅವರ ಎರಡು ನಾಯಿಗಳ ಹೆಸರು, ಆಮೇಲೆ ‘ಕೂಲಿಗಳು’.

“ನಾಯಿಗ್ ಎಸ್ರೈತೆ, ನಮ್ಮಪ್ಪನ್ಗ್ ಇಲ್ವೇನಮ್ಮಿ? ಆ ನಾಯಿ ಗಣಿಯೊಳಕ್ ಇಳೀತಾ?” ಎಂದಳು ಅಜ್ಜಿ.

ಆ ವರ್ಷ ಸಾಹೇಬರ ಕ್ಲಬ್ಬಿಗೆ ಪಿಯಾನೋ ಬಂದದ್ದನ್ನು ನೀವು ಒಂದು ಗೋಡೆ ತುಂಬ ಬರೆದಿದ್ದೀರಿ. ಅದೇ ವರ್ಷ ಗಣಿಯೊಳಗೆ ಬಂಡೆ ಸಿಡಿದು ಸತ್ತವರಿಗೆ ಅರ್ಧ ಸಾಲು.

ಫೋಟೊದಲ್ಲಿ ದೀಪ ಹಿಡಿದು ನಿಂತವನು ಅಜ್ಜಿಯ ಅಪ್ಪ, ಸೊಣ್ಣಪ್ಪ. ಆ ಹೆಸರು ಸೇರಿಸಿ ಎಂದರೆ, ದಾಖಲೆ ತನ್ನಿ ಎಂದಿರಿ. ಗಣಿಯ ರಿಜಿಸ್ಟರಿನಲ್ಲಿ ಅವನು ಬರೀ ನಂಬರು. ಆದರೂ ದಾಖಲೆ ಇತ್ತು ಸ್ವಾಮಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಅವನ ಹೆಂಡತಿ ಅದನ್ನು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಳು. ಯಾರಾದರೂ ಕೇಳಿದರೆ ಕೈ ಚಾಚುತ್ತಿದ್ದಳು. ಆ ಕೈಯನ್ನು ಹೂತು ಅರವತ್ತು ವರ್ಷವಾಯಿತು. ಅಗೆದು ತರಲೇ?

ಸೋಮವಾರದೊಳಗೆ ಹೆಸರು ಬರೆಯಿರಿ. ಆಗದಿದ್ದರೆ ಫೋಟೊ ಇಳಿಸಿ, ಗಾಜು ಒಡೆಯದಂತೆ ಬಟ್ಟೆಯಲ್ಲಿ ಸುತ್ತಿಡಿ. ನಾನೇ ಬಂದು ಒಯ್ಯುತ್ತೇನೆ. ಅಲ್ಲಿಂದ ಬಂದಾಗಿನಿಂದ ಅಜ್ಜಿ ಸರಿಯಾಗಿ ಉಣ್ಣುತ್ತಿಲ್ಲ. “ನಮ್ಮಪ್ಪನ್ನ ಅಲ್ಲೇ ಬಿಟ್ ಬಂದ್ಬಿಟ್ಟೆ ಕಣಮ್ಮಿ, ಓಗಿ ಕರ್ಕೊಂಡ್ ಬಾ” ಅನ್ನುತ್ತಿದ್ದಾಳೆ.

ಇಂತಿ,
ಭಾರ್ಗವಿ
ಸೊಣ್ಣಪ್ಪನ ಮರಿಮೊಮ್ಮಗಳು, ಮಾರಿಕುಪ್ಪಂ